ಜೀವನ್ ಬಿಮಾ ನಗರದಲ್ಲಿ ಜೀವದ ಲೆಕ್ಕ

ನಾವು ಬದುಕುವ ಜಾಗದ ಹೆಸರಿನಲ್ಲೇ ವಿಮೆ ಇದೆ. ಜೀವನ್ ಬಿಮಾ ನಗರ. ಬಾಯಿ ಮಾತಿನಲ್ಲಿ ಜೆ.ಬಿ. ನಗರ. 1956ರ ಸೆಪ್ಟೆಂಬರ್ 1ರಂದು ಇನ್ನೂರ ನಲವತ್ತೈದು ವಿಮಾ ಸಂಸ್ಥೆಗಳನ್ನು ಒಟ್ಟು ಮಾಡಿ ಸರ್ಕಾರ ಹುಟ್ಟುಹಾಕಿತಲ್ಲ ಜೀವ ವಿಮಾ ನಿಗಮ, ಅದರ ಕಾಲನಿಯಿಂದ ಈ ಬಡಾವಣೆಗೆ ಈ ಹೆಸರು ಬಂತು. ನಿಗಮದ ಲಾಂಛನ ನಿಮಗೆಲ್ಲ ಗೊತ್ತು. ಒಂದು ದೀಪ, ಅದು ಗಾಳಿಗೆ ಆರದಂತೆ ಎರಡು ಕಡೆಯಿಂದ ಎರಡು ಕೈ. ಚಿಕ್ಕಂದಿನಲ್ಲಿ ಈ ಚಿತ್ರ ನೋಡಿ ನಮ್ಮ ಅವ್ವಂದಿರು ಇದು ಯಾವುದೋ ದೇವರ ಪಟ ಅಂತ ಕೈಮುಗಿದದ್ದುಂಟು.

ನಾವು ಅಂದರೆ ಆ ಕ್ವಾರ್ಟರ್ಸಿನವರಲ್ಲ. ಕೋಡಿಹಳ್ಳಿ, ತಿಪ್ಪಸಂದ್ರ, ಮುರುಗೇಶಪಾಳ್ಯದ ಸಂದಿಗಳಲ್ಲಿ ಹತ್ತಡಿ ಅಗಲದ ಮನೆಗಳಲ್ಲಿರುವವರು. ಕೋಲಾರದ ಕಡೆಯಿಂದ, ರಾಯಲಸೀಮೆಯಿಂದ, ಆರ್ಕಾಟಿನಿಂದ, ಈಚೆಗೆ ರಾಯಚೂರು ಕಲಬುರಗಿಯಿಂದ ಬಂದ ಕೂಲಿಗಳ ಮಕ್ಕಳು. ಪಾಯ ತೋಡಿದವರು, ಸೆಂಟ್ರಿಂಗ್ ಕಟ್ಟಿದವರು, ಬೀದಿ ಗುಡಿಸಿದವರು, ಇಂದಿರಾನಗರದ ಬಂಗಲೆಗಳಲ್ಲಿ ಪಾತ್ರೆ ತಿಕ್ಕಿದವರು. ನಾಲ್ಕು ಅಕ್ಷರ ಕಲಿತಿದ್ದೇ ತಪ್ಪೋ ಅನ್ನುವ ಹಾಗೆ ಕೇರಿಯ ಅರ್ಜಿಗಳೆಲ್ಲ ನಮ್ಮ ತಲೆಗೆ ಬಂದವು. ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ವಿಧವಾ ವೇತನ. ಅವುಗಳ ಜೊತೆಗೆ ಇನ್ನೊಂದು ಬಗೆಯ ಅರ್ಜಿ. ಸತ್ತವರ ಅರ್ಜಿ, ಕೈಕಾಲು ಕಳಕೊಂಡವರ ಅರ್ಜಿ.

ಬಂದವರು ಕೇಳುವ ಪ್ರಶ್ನೆಗಳು ಹತ್ತಾರು ವರ್ಷಗಳಿಂದ ಬದಲಾಗಿಲ್ಲ. "ಅಣ್ಣಾ, ಏನಾದ್ರೂ ಕೊಡ್ತಾರಾ?" "ಕೇಸ್ ಹಾಕಿದ್ರೆ ಕಂಟ್ರಾಕ್ಟ್ರು ಉಳಿದವರ ಕೆಲಸಾನೂ ಕಿತ್ಕೊಂಡ್ರೆ?" "ವಕೀಲರಿಗೆ ಎಲ್ಲಿಂದ ತರೋಣ?" "ಅವನೇ ಕುಡಿದು ಬಿದ್ದ ಅಂತಾವ್ರೆ, ಹೌದಾ?" ಈ ಪ್ರಶ್ನೆಗಳಿಗೆ ನಾವು ಕಂಡುಕೊಂಡಷ್ಟು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಹುಡುಗರಿಗೆ, ಸಂಘಟನೆಯ ಗೆಳೆಯರಿಗೆ ಇದು ಬೇಕಾಗುತ್ತದೆ. ನಾವು ವಕೀಲರಲ್ಲ. ಹೆಣದ ಮುಂದೆ ಕುಳಿತು ಕಲಿತದ್ದು ಇಷ್ಟು.

ಮೊದಲು ನಮ್ಮ ಸುತ್ತಲ ನೆಲವನ್ನು ನೋಡೋಣ. ನಾಲ್ಕೈದು ಕಿಲೋಮೀಟರಿನ ಒಳಗೆ ಮೂರು ಸಾವಿನ ಜಾಗಗಳಿವೆ. 1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ವಿಮಾನ ಎಚ್.ಎ.ಎಲ್. ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿತ್ತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರಿದ್ದರು. 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲಿನ ವಿಷಗಾಳಿಗೆ ಮೂವರು ಸತ್ತರು. ಒಬ್ಬರ ಹಿಂದೆ ಒಬ್ಬರು ಇಳಿದವರು.

ಸತ್ತವರೆಲ್ಲ ಮನುಷ್ಯರೇ. ಯಾರ ಸಾವನ್ನೂ ನಾವು ಹಗುರ ಮಾಡುವುದಿಲ್ಲ. ಕಾರ್ಲ್‌ಟನ್ನಿನಲ್ಲಿ ಮಕ್ಕಳನ್ನು ಕಳಕೊಂಡವರು ಬಿಯಾಂಡ್ ಕಾರ್ಲ್‌ಟನ್ ಎಂಬ ಸಂಸ್ಥೆ ಕಟ್ಟಿ ಬೆಂಕಿ ಸುರಕ್ಷತೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅದು ಗೌರವದ ಕೆಲಸ. ಆದರೆ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ವಿಮಾನದಲ್ಲಿ ಸತ್ತವನ ಹೆಸರು ಟಿಕೆಟ್ಟಿನಲ್ಲಿತ್ತು. ಆಫೀಸಿನಲ್ಲಿ ಸತ್ತವರ ಹೆಸರು ಸಂಬಳದ ಪಟ್ಟಿಯಲ್ಲಿತ್ತು. ಗುಂಡಿಗೆ ಇಳಿಯುವವನ ಹೆಸರು ಹುಡುಕಿದರೆ ಸಾಮಾನ್ಯವಾಗಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಗುಂಡಿ ಜಾತಿ ಕೇಳುವುದಿಲ್ಲ, ಇಳಿದವರನ್ನೆಲ್ಲ ನುಂಗುತ್ತದೆ. ಆದರೆ ಗುಂಡಿಯೊಳಕ್ಕೆ ಇಳಿಯುವ ಕೆಲಸವನ್ನು ಈ ದೇಶ ಯಾರ ಹೆಸರಿಗೆ ಬರೆದಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು.

ಈಗ ಪ್ರಶ್ನೆಗಳಿಗೆ ಬರೋಣ.

ಎಲ್ಲಕ್ಕಿಂತ ಮೊದಲು ಬರುವುದು ರಾಜಿಯ ಪ್ರಶ್ನೆ. ಯಾಕೆಂದರೆ ಹೆಣ ಇನ್ನೂ ಶವಾಗಾರದಲ್ಲಿರುವಾಗಲೇ ರಾಜಿಯ ಕಾಗದ ತಯಾರಾಗುತ್ತದೆ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಸಂದಿಯ ಒಬ್ಬ ಹುಡುಗ ಕಟ್ಟಡದ ನಾಲ್ಕನೇ ಅಂತಸ್ತಿನಿಂದ ಬಿದ್ದ. ಬೆಳಿಗ್ಗೆ ಎಂಟಕ್ಕೆ ಸತ್ತ, ಮಧ್ಯಾಹ್ನ ಮೂರಕ್ಕೆ ಮೇಸ್ತ್ರಿ ಸ್ಟಾಂಪ್ ಪೇಪರ್ ಹಿಡಿದು ಬಂದ. ಜೊತೆಗೆ ಒಂದು ಕವರು. "ಮಣ್ಣಿಗೆ ಖರ್ಚಿಗಿರಲಿ, ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ" ಅಂದ. ಕಾಗದದಲ್ಲಿ ಏನಿತ್ತು? ಹುಡುಗ ತನ್ನ ಅಜಾಗರೂಕತೆಯಿಂದ ಬಿದ್ದ, ಮುಂದೆ ಯಾವ ಕೋರ್ಟಿಗೂ ಹೋಗುವುದಿಲ್ಲ, ಪೂರ್ತಿ ಪರಿಹಾರ ಮುಟ್ಟಿದೆ. ಆ ತಾಯಿಗೆ ಓದಲು ಬರದು. ಬಂದಿದ್ದರೂ ಆ ಹೊತ್ತಿನಲ್ಲಿ ಯಾರು ಓದುತ್ತಾರೆ?

ಗೆಳೆಯರೇ, ಇದನ್ನು ಗೋಡೆಯ ಮೇಲೆ ಬರೆದಿಡಿ. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಬ್ರಿಟಿಷರ ಕಾಲದ 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಇದಕ್ಕೆ ಉತ್ತರವಿತ್ತು. ಕೆಲಸದಲ್ಲಿ ಸತ್ತವನ ಪರಿಹಾರದ ಹಣವನ್ನು ಮಾಲೀಕ ಸರ್ಕಾರದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದನ್ನು ಪರಿಹಾರ ಕೊಟ್ಟಂತೆ ಎಣಿಸುವುದಿಲ್ಲ. ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಕೂಲಿಯವನಿಂದ ಬರೆಸಿಕೊಂಡ ಕರಾರು ಅನೂರ್ಜಿತ. ಆ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಕರಗಿತು. ಕಾರ್ಮಿಕ ಸಂಘಗಳು ವಿರೋಧಿಸಿದ ನಾಲ್ಕು ಸಂಹಿತೆಗಳಲ್ಲಿ ಅದೂ ಒಂದು. ಆದರೂ ಈ ಎರಡು ಮಾತು ಹೊಸದರಲ್ಲೂ ಉಳಿದಿವೆ. ಹೆಬ್ಬೆಟ್ಟು ಒತ್ತಿದ್ದಾಗಿ ಹೋಗಿದ್ದರೂ ಧೈರ್ಯಗೆಡಬೇಡಿ. ಅರ್ಜಿ ಹಾಕಿ.

ನಾಡಿನ ದೊಡ್ಡ ರಾಜಿಗಳೂ ಇದೇ ಜಾತಿಯವು. 1984ರ ಡಿಸೆಂಬರಿನಲ್ಲಿ ಭೋಪಾಲಿನಲ್ಲಿ ವಿಷಾನಿಲ ಹರಡಿ ಸಾವಿರಾರು ಜನ ಸತ್ತರು. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ಸರ್ಕಾರವೇ ಕಂಪನಿಯ ಜೊತೆ ರಾಜಿಯಾಯಿತು. ಗಂಟಲು ಸುಟ್ಟುಕೊಂಡವರನ್ನು, ಮಕ್ಕಳನ್ನು ಹೂತವರನ್ನು ಯಾರೂ ಕೇಳಲಿಲ್ಲ. ಅಲ್ಲಿ ಸರ್ಕಾರ ಒತ್ತಿದ ಹೆಬ್ಬೆಟ್ಟು, ಇಲ್ಲಿ ತಾಯಿಯಿಂದ ಒತ್ತಿಸಿದ ಹೆಬ್ಬೆಟ್ಟು.

ಎರಡನೆಯದು, "ತಪ್ಪು ಅವನದೇ ಅಂತಾರಲ್ಲ?" ಎಂಬ ಪ್ರಶ್ನೆ. ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ ನಿಂತ ಮಾತು ಇದು. ಕೆಲಸದ ವೇಳೆಯ ಸಾವಿನಲ್ಲಿ ಮಾಲೀಕನ ತಪ್ಪು ಸಾಬೀತು ಮಾಡಬೇಕಾಗಿಲ್ಲ. ಕೆಲಸ ಮಾಡುತ್ತಿದ್ದಾಗ, ಕೆಲಸದ ಕಾರಣದಿಂದ ಅಪಘಾತವಾಯಿತು ಎಂದಷ್ಟು ತೋರಿಸಿದರೆ ಸಾಕು. ಕುಡಿದಿದ್ದ, ಹೆಲ್ಮೆಟ್ ತೆಗೆದಿದ್ದ ಎಂಬ ನೆಪಗಳು ಗಾಯದ ಕೇಸುಗಳಲ್ಲಿ ಕೆಲವೊಮ್ಮೆ ನಡೆಯುತ್ತವೆ. ಸಾವಿನಲ್ಲಿ, ಪೂರ್ಣ ಅಂಗವಿಕಲತೆಯಲ್ಲಿ ಆ ನೆಪ ಮಾಲೀಕನನ್ನು ಉಳಿಸುವುದಿಲ್ಲ. ಇನ್ನು "ಅವನು ನಮ್ಮ ನೌಕರನೇ ಅಲ್ಲ, ಕಂಟ್ರಾಕ್ಟರ್ ಕಡೆಯವನು" ಎಂಬ ಮಾತು. ಕಂಟ್ರಾಕ್ಟರ್ ಮೂಲಕ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೂ ಹೊಣೆಗಾರನೇ. ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಬೇಕು. ಸತ್ತವನಿಗೆ ಇ.ಎಸ್.ಐ. ಇತ್ತೋ ನೋಡಬೇಕು. ಇದ್ದರೆ ದಾರಿ ಬೇರೆ. ಅಲ್ಲಿ ಒಂದೇ ಗಂಟಿನ ಹಣದ ಬದಲು ಅವಲಂಬಿತರಿಗೆ ಕೂಲಿಯ ನೂರಕ್ಕೆ ತೊಂಬತ್ತು ಭಾಗದ ಲೆಕ್ಕದಲ್ಲಿ ತಿಂಗಳು ತಿಂಗಳು ಹಣ ಬರುತ್ತದೆ.

ರಸ್ತೆ ಅಪಘಾತದ ಕಾನೂನು ಹೀಗಲ್ಲ. ಅಲ್ಲಿ ಸಾಮಾನ್ಯವಾಗಿ ಎದುರಿನ ಗಾಡಿಯವನ ನಿರ್ಲಕ್ಷ್ಯ ತೋರಿಸಬೇಕು. ಆದರೆ ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಪುರಾವೆ ಬೇಡ. 1988ರ ಮೋಟಾರು ವಾಹನ ಕಾಯ್ದೆಯಡಿ ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯ ವಿಚಾರಿಸುತ್ತದೆ. ಅಪಘಾತ ಬೆಂಗಳೂರಿನಲ್ಲಾದರೂ ಸತ್ತವನ ಮನೆಯವರು ತಾವು ಇರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಇದು ತಿಳಿಯದೆ ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದು ಹೋಗಿ ಸುಸ್ತಾದ ಮುದುಕಿಯರನ್ನು ನೋಡಿದ್ದೇವೆ. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಹಾಕಿದರು. ಅದರ ವಿರುದ್ಧ ಜನ ಸುಪ್ರೀಂ ಕೋರ್ಟಿಗೆ ಹೋದರು. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಯಿತು. ಆದರೂ ಆರು ತಿಂಗಳೊಳಗೆ ಹಾಕುವುದೇ ಕ್ಷೇಮ. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಅದಕ್ಕೂ 2022ರ ಏಪ್ರಿಲ್‌ನಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರದ ಯೋಜನೆ ಇದೆ. ನಡುರಾತ್ರಿ ರಸ್ತೆ ಗುಡಿಸುವ ಹೆಂಗಸರಿಗೆ ಗುದ್ದಿ ಓಡುವ ಕಾರುಗಳು ಈ ಊರಿನಲ್ಲಿ ಕಡಿಮೆ ಇಲ್ಲವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಮೂರನೆಯದು, "ಎಷ್ಟು ಬರುತ್ತೆ?" ಎಂಬ ಪ್ರಶ್ನೆ. ಇದನ್ನು ಕೇಳುವಾಗ ನಮ್ಮವರು ತಲೆ ತಗ್ಗಿಸುತ್ತಾರೆ. ಹೆಣದ ಮೇಲೆ ಕಾಸು ಕೇಳಿದಂತೆ ಆಗುತ್ತದಲ್ಲ ಎಂಬ ನಾಚಿಕೆ. ಈ ನಾಚಿಕೆ ಬಡವರಿಗೆ ಮಾತ್ರ ಉಂಟು, ವಿಮಾ ಕಂಪನಿಗೆ ಇಲ್ಲ. ಹಾಗಾಗಿ ಲೆಕ್ಕವನ್ನು ಬಿಡಿಸಿಯೇ ನೋಡೋಣ.

ಮೂವತ್ತು ವರ್ಷದ ಒಬ್ಬ ಗಂಡಾಳು. ತಿಂಗಳಿಗೆ 12,000 ರೂಪಾಯಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಅವನು ಕಟ್ಟಡದಿಂದ ಬಿದ್ದು ಸತ್ತರೆ 1923ರ ಕಾಯ್ದೆಯ ಸೂತ್ರ ಹೀಗಿತ್ತು: ಸಂಬಳದ ಅರ್ಧ, ಅಂದರೆ 6,000, ಅದಕ್ಕೆ ವಯಸ್ಸಿನ ಅಂಕೆ 207.98ರಿಂದ ಗುಣಿಸು. 12,47,880 ರೂಪಾಯಿ. ಅದೇ ಮನುಷ್ಯ ಬಸ್ಸಿನ ಕೆಳಗೆ ಸಿಕ್ಕಿ ಸತ್ತರೆ ಲೆಕ್ಕ ಬೇರೆ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ, 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಹಾಕಿಕೊಟ್ಟ ದಾರಿ ಅದು. ಸಂಬಳಕ್ಕೆ ಮುಂದಿನ ದಿನಗಳ ಏರಿಕೆಯೆಂದು ನೂರಕ್ಕೆ ನಲವತ್ತು ಸೇರಿಸಿದರೆ 16,800. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 12,600. ವರ್ಷಕ್ಕೆ 1,51,200. ಮೂವತ್ತು ವರ್ಷಕ್ಕೆ ಗುಣಕ 17. ಒಟ್ಟು 25,70,400 ರೂಪಾಯಿ. ಅದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬ್ತು. ಇನ್ನು ಅದೇ ಮನುಷ್ಯ ಒಳಚರಂಡಿಗೆ ಇಳಿದು ಸತ್ತರೆ 2014ರ ತೀರ್ಪಿನ ಪ್ರಕಾರ ಹತ್ತು ಲಕ್ಷ, 2023ರ ಅಕ್ಟೋಬರ್ 20ರ ತೀರ್ಪಿನ ಪ್ರಕಾರ ಮೂವತ್ತು ಲಕ್ಷ. ಒಂದೇ ಹೆಂಡತಿ, ಅದೇ ಮಕ್ಕಳು, ಅದೇ ಹಸಿವು. ಎಲ್ಲಿ ಸತ್ತ ಎಂಬುದರ ಮೇಲೆ ಮೂರು ಬೆಲೆ.

ಇನ್ನೊಂದು ಲೆಕ್ಕ. ಬಸ್ಸಿಗೆ ಸಿಕ್ಕಿದವನು ಅದೇ ವಯಸ್ಸಿನ, ಅದೇ ನಾಲ್ವರು ಅವಲಂಬಿತರಿರುವ ಕಾಯಂ ಅಧಿಕಾರಿ, ತಿಂಗಳಿಗೆ 1,20,000 ರೂಪಾಯಿ ಅಂದುಕೊಳ್ಳಿ. ಕಾಯಂ ನೌಕರಿಯಾದ್ದರಿಂದ ಅವನಿಗೆ ಸೇರಿಸುವುದು ನಲವತ್ತಲ್ಲ, ನೂರಕ್ಕೆ ಐವತ್ತು. ತೆರಿಗೆ ಕಳೆಯುವ ಮುನ್ನ 2,75,40,000 ರೂಪಾಯಿ. ಸಂಬಳ ಹತ್ತು ಪಟ್ಟು, ಜೀವದ ಬೆಲೆ ಹತ್ತು ಪಟ್ಟಿಗಿಂತ ಜಾಸ್ತಿ. ಗುತ್ತಿಗೆಯವನು ಬದುಕಿದ್ದಾಗ ಕಳಕೊಂಡ ಭದ್ರತೆಯನ್ನು ಸತ್ತ ಮೇಲೂ ಕಳಕೊಳ್ಳುತ್ತಾನೆ. ಬೆಂಗಳೂರಿನ ಪೌರಕಾರ್ಮಿಕರು ವರ್ಷಾನುಗಟ್ಟಲೆ ಬೀದಿಗಿಳಿದು ಹೋರಾಡಿದ ಮೇಲೆ 2025ರ ಮೇ 1ರಂದು ಸಾವಿರಾರು ಮಂದಿಗೆ ಕಾಯಂ ಆದೇಶ ಸಿಕ್ಕಿತಲ್ಲ, ಅದರ ಬೆಲೆ ಸಂಬಳದ ಚೀಟಿಯಲ್ಲಷ್ಟೇ ಇಲ್ಲ, ಈ ಲೆಕ್ಕದಲ್ಲೂ ಇದೆ.

ನ್ಯಾಯಾಧೀಶರು ಕ್ರೂರಿಗಳು ಅಂತ ನಾವು ಹೇಳುತ್ತಿಲ್ಲ. ಕಳಕೊಂಡ ಆದಾಯವನ್ನು ತುಂಬಿಕೊಡುವುದೇ ಈ ಕಾನೂನಿನ ತರ್ಕ. ತರ್ಕ ಸರಿಯೇ ಇರಬಹುದು. ಆದರೆ ಆ ಆದಾಯವನ್ನು ಯಾರು ನಿಗದಿ ಮಾಡಿದರು? ಜಾತಿ ಕೆಲಸವನ್ನು ಹಂಚಿತು. ಕೆಲಸ ಕೂಲಿಯನ್ನು ಗೊತ್ತುಮಾಡಿತು. ಕೂಲಿ ಈಗ ಹೆಣದ ಬೆಲೆ ಹೇಳುತ್ತಿದೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರಲ್ಲಿ ಬೆಂಕಿ ಬಿದ್ದು 59 ಮಂದಿ ಸತ್ತಾಗ ಹೈಕೋರ್ಟ್ ಬಾಲ್ಕನಿಯಲ್ಲಿ ಕೂತವರ ಆದಾಯ ತಿಂಗಳಿಗೆ ಹದಿನೈದು ಸಾವಿರಕ್ಕಿಂತ ಕಡಿಮೆ ಇರಲಾರದು ಎಂದು ಊಹಿಸಿ ಪರಿಹಾರ ಕಟ್ಟಿತು. ಹಾಗೆ ಊಹಿಸಲಾಗದು ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಳಿಸಿತು. ಅಂದರೆ ಪ್ರಶ್ನೆ ಅಲ್ಲಿಗೂ ಬಂದಿತ್ತು: ಕುಳಿತ ಸೀಟು ನೋಡಿ ಮನುಷ್ಯನ ಬೆಲೆ ಕಟ್ಟಬಹುದೇ?

ಹೆಂಗಸರ ವಿಚಾರ ಇನ್ನೂ ವಿಚಿತ್ರ. "ಅವಳಿಗೇನು ಆದಾಯ? ಮನೇಲಿದ್ದಳು" ಎಂದು ವಿಮಾ ಕಂಪನಿಯ ಕಡೆಯವರು ವಾದಿಸುತ್ತಾರೆ. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಮಾರಂಭದಲ್ಲಿ 1989ರಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಹೆಂಗಸರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಮನೆಗೆಲಸದ ಬೆಲೆ ತಿಂಗಳಿಗೆ ಮೂರು ಸಾವಿರ ಎಂದು ಹಿಡಿಯಿತು. ಮನೆವಾರ್ತೆಯ ದುಡಿಮೆಗೂ ಆದಾಯ ಕಟ್ಟಲೇಬೇಕೆಂದು 2021ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಿತು. ನಮ್ಮ ಕೇರಿಯ ಹೆಂಗಸು ಮನೆಯಲ್ಲೂ ದುಡಿಯುತ್ತಾಳೆ, ನಾಲ್ಕು ಮನೆಯ ಪಾತ್ರೆಯನ್ನೂ ತಿಕ್ಕುತ್ತಾಳೆ. ಅವಳ ಕೂಲಿಗೆ ಚೀಟಿ ಇಲ್ಲ, ಮನೆಗೆಲಸಕ್ಕೆ ಹೆಸರಿಲ್ಲ. ಅರ್ಜಿ ಬರೆಯುವವರು ಎರಡನ್ನೂ ಬರೆಯಬೇಕು. ಕೆಲಸ ಕೊಟ್ಟಿದ್ದ ಮನೆಯೊಡತಿಯರಲ್ಲಿ ಒಬ್ಬರಾದರೂ ಬಂದು ಸಾಕ್ಷಿ ಹೇಳುವಂತೆ ಕೇಳಬೇಕು. ಕೇಳಿದರೆ ಬಂದವರೂ ಇದ್ದಾರೆ.

ಒಳಚರಂಡಿಯ ಸಾವಿಗೆ ಬರೋಣ. ಇದು ನಮ್ಮ ಕರುಳಿನ ವಿಷಯ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ ನಿಷೇಧಿಸಿದವರು ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ಅವರ ಬೂಸಾ ಮಾತು ನೆನಪಿರುವಷ್ಟು ಈ ಕೆಲಸ ನಾಡಿಗೆ ನೆನಪಿಲ್ಲ. ನಿಷೇಧವಾಗಿ ದಶಕಗಳು ಕಳೆದ ಮೇಲೂ 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಕೋಲಾರದ ಚಿನ್ನದ ಗಣಿಯ ಕೇರಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ಸುಪ್ರೀಂ ಕೋರ್ಟಿಗೆ ಹೋದರು. 2013ರಲ್ಲಿ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಗುಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ ಹತ್ತು ಲಕ್ಷ ಕೊಡಬೇಕು ಎಂದಿತು. 2023ರಲ್ಲಿ ಬಲರಾಮ್ ಸಿಂಗ್ ಕೇಸಿನಲ್ಲಿ ಅದು ಮೂವತ್ತು ಲಕ್ಷವಾಯಿತು. ಶಾಶ್ವತ ಅಂಗವಿಕಲತೆಗೆ ಇಪ್ಪತ್ತು ಲಕ್ಷ, ಬೇರೆ ಬಗೆಯ ಅಂಗವಿಕಲತೆಗೆ ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದಂತೆ. 2025ರ ಜನವರಿ 29ರಂದು ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ನಿಲ್ಲಿಸಿ ಎಂದು ಅದೇ ಕೋರ್ಟು ಆಜ್ಞೆ ಮಾಡಿತು.

ಇಲ್ಲಿ ಮುಖ್ಯವಾದದ್ದು ಎಫ್‌ಐಆರ್. ಗುಂಡಿಯಲ್ಲಿ ಸತ್ತರೆ ಮೊದಲು ಅಸಹಜ ಸಾವು ಎಂದು ಬರೆಯಲು ನೋಡುತ್ತಾರೆ. ಒಪ್ಪಬೇಡಿ. ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು. 2013ರ ಕಾಯ್ದೆಯ 7ನೇ ಕಲಮು ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸುತ್ತದೆ. 9ನೇ ಕಲಮು ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ಪರಿಶಿಷ್ಟ ಜಾತಿಯವನನ್ನು ಮಲ ಬಾಚಲು ಹಚ್ಚಿದರೆ 2015ರ ತಿದ್ದುಪಡಿಯ ನಂತರ ಅದು ದೌರ್ಜನ್ಯ ತಡೆ ಕಾಯ್ದೆಯ ಅಪರಾಧವೂ ಹೌದು. ಈ ಮೂರನ್ನೂ ದೂರಿನಲ್ಲಿ ಬರೆಸಿ. ಎಫ್‌ಐಆರಿನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಬಿಟ್ಟು ಮನೆಗೆ ಹೋಗಬೇಡಿ. ಮುಂದಿನ ಎಲ್ಲ ಅರ್ಜಿಗಳ ಬೇರು ಆ ಎರಡು ಕಾಗದ. ಪೊಲೀಸ್ ಕಸ್ಟಡಿಯಲ್ಲಿ ಸತ್ತವರಿಗೂ ದಾರಿಯುಂಟು. ಸಂವಿಧಾನದ 21ನೇ ವಿಧಿ ಮುರಿದರೆ ರಾಜ್ಯವೇ ಹಣ ತೆರಬೇಕೆಂದು ಒಡಿಶಾದ ಒಬ್ಬ ತಾಯಿ, ನೀಲಾಬತಿ ಬೆಹರಾ, 1993ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು.

"ವಕೀಲರಿಗೆ ದುಡ್ಡು?" ಎಂಬ ಪ್ರಶ್ನೆ ಉಳಿಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಎಲ್ಲ ಹೆಂಗಸರಿಗೆ, ಮಕ್ಕಳಿಗೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರು ಉಚಿತ. ಆದಾಯದ ಮಿತಿಯನ್ನೂ ಇವರಿಗೆ ಕೇಳುವಂತಿಲ್ಲ. ಪ್ರತಿ ತಾಲೂಕಿನ ಕೋರ್ಟಿನಲ್ಲಿ ಇದರ ಸಮಿತಿ ಇದೆ. ಫೋನ್ ನಂಬರು 15100. ಆಸ್ಪತ್ರೆಯ ಬಾಗಿಲಲ್ಲೇ ಬಂದು ವಕಾಲತ್ತಿಗೆ ಸಹಿ ಕೇಳಿ, ಬಂದದ್ದರಲ್ಲಿ ಇಷ್ಟು ಪಾಲು ಅನ್ನುವವರನ್ನು ದೂರವಿಡಿ. ಗೆದ್ದ ಹಣದಲ್ಲಿ ಪಾಲು ಕರಾರು ಮಾಡಿಕೊಳ್ಳುವುದು ನಮ್ಮ ದೇಶದ ವಕೀಲರಿಗೆ ನಿಷಿದ್ಧ. ಮನೆಯವರ ಬ್ಯಾಂಕಿನ ಪಾಸ್‌ಬುಕ್ಕನ್ನೂ ತೆರೆದು ನೋಡಿ. ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ ಎರಡು ಲಕ್ಷ. ಕಡಿತವಾಗುತ್ತಿರುವುದೇ ಗೊತ್ತಿಲ್ಲದೆ ಕ್ಲೇಮು ಮಾಡದೆ ಬಿಟ್ಟ ಮನೆಗಳಿವೆ.

ಕನ್ನಡದಲ್ಲಿ ಈ ಹಣಕ್ಕೆ ಪರಿಹಾರ ಅನ್ನುತ್ತೇವೆ. ಅದೇ ಪದವನ್ನು ಜೋಯಿಸನೂ ಬಳಸುತ್ತಾನೆ. ದೋಷ ಪರಿಹಾರ, ಪಾಪ ಪರಿಹಾರ. ಕಾಸು ಕೊಟ್ಟರೆ ದೋಷ ಕಳೆಯಿತು ಎಂಬ ಅರ್ಥ ಪದದ ಒಳಗೇ ಕೂತಿದೆ. ದುರಂತವಾದ ಸಂಜೆ ಮಂತ್ರಿಗಳು ಮೈಕಿನ ಮುಂದೆ ಘೋಷಿಸುವುದೂ ಹಾಗೆಯೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತಾಗ ಆವತ್ತು ಹತ್ತು ಲಕ್ಷ ಎಂದರು, ಮೂರು ದಿನದಲ್ಲಿ ಇಪ್ಪತ್ತೈದು ಲಕ್ಷ ಎಂದರು. ಕೊಟ್ಟದ್ದು ಬೇಡ ಅನ್ನುವುದಿಲ್ಲ. ಆದರೆ ಟೀವಿ ಮುಂದೆ ಸತ್ತವರಿಗೆ ಮೂರು ದಿನದಲ್ಲಿ ಏರಿದ ಮೊತ್ತ, ಕತ್ತಲ ಗುಂಡಿಯಲ್ಲಿ ಸತ್ತವರಿಗೆ ಹತ್ತರಿಂದ ಮೂವತ್ತಕ್ಕೆ ಏರಲು ಒಂಬತ್ತು ವರ್ಷ ಹಿಡಿಯಿತು. ಘೋಷಣೆಯ ಹಣ ಕೃಪೆ, ಕೋರ್ಟಿನ ಹಣ ಹಕ್ಕು. ಕೃಪೆ ತೆಗೆದುಕೊಂಡವರು ಹಕ್ಕಿನ ಅರ್ಜಿ ಹಾಕಬಾರದೆಂದೇನೂ ಇಲ್ಲ.

ಕೃಪೆಯ ಇನ್ನೊಂದು ರೂಪ ಅನುಕಂಪದ ನೌಕರಿ. ಅಪ್ಪ ಸತ್ತ, ಮಗನಿಗೆ ಅದೇ ಪೊರಕೆ. ಊಟಕ್ಕಾಯಿತು ಎಂದು ಅವ್ವ ಕಣ್ಣೊರೆಸಿಕೊಳ್ಳುತ್ತಾಳೆ. ಪಿಯುಸಿ ಓದುತ್ತಿದ್ದ ಹುಡುಗನ ಪುಸ್ತಕ ಮೂಲೆಗೆ ಹೋಗುತ್ತದೆ. ಬ್ರಾಹ್ಮಣನ ಮಗ ಅಪ್ಪನ ಪಂಚಾಂಗ ಬಿಟ್ಟು ಸಾಫ್ಟ್‌ವೇರಿಗೆ ಹೋಗುವ ಈ ಊರಿನಲ್ಲಿ ನಮ್ಮ ಹುಡುಗನಿಗೆ ಸಾವಿನ ಜೊತೆ ಕಸುಬೂ ಪಿತ್ರಾರ್ಜಿತ. 2023ರ ತೀರ್ಪು ಸತ್ತವರ ಮನೆಯವರ ಪುನರ್ವಸತಿಯನ್ನೂ ಮಕ್ಕಳ ವಿದ್ಯಾರ್ಥಿವೇತನವನ್ನೂ ಹೇಳಿದೆ. ಅರ್ಜಿಯಲ್ಲಿ ಮೂವತ್ತು ಲಕ್ಷದ ಜೊತೆಗೆ ಓದನ್ನೂ ಕೇಳಿ.

ಕೊನೆಯದಾಗಿ ಮೇಷ್ಟ್ರುಗಳಿಗೆ ಒಂದು ಮಾತು. ಮೇಲೆ ಹೇಳಿದ ಗುಣಕ ವಯಸ್ಸಿನ ಮೇಲೆ ನಿಂತಿದೆ. ಇಪ್ಪತ್ತೈದರವರೆಗೆ 18, ಇಪ್ಪತ್ತಾರರಿಂದ ಮೂವತ್ತಕ್ಕೆ 17, ಮೂವತ್ತೈದಕ್ಕೆ 16, ನಲವತ್ತಕ್ಕೆ 15. ಒಂದು ಅಂಕೆ ಇಳಿದರೆ ಆ ಮನೆಗೆ ಒಂದು ಇಡೀ ವರ್ಷದ ಅನ್ನ ಹೋಯಿತು. ವಯಸ್ಸಿಗೆ ಕೋರ್ಟು ಕೇಳುವುದು ಶಾಲೆಯ ದಾಖಲಾತಿ. ನಮ್ಮ ಕೇರಿಗಳ ಮಕ್ಕಳೆಲ್ಲ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಲು ಬಂದ ಕೂಲಿ ಹೆಂಗಸನ್ನು ಕೂರಿಸಿ, ಮಳೆಗಾಲವೋ ಸುಗ್ಗಿಯೋ, ಯಾವ ಜಾತ್ರೆಯ ಹಿಂದೆ ಮುಂದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಿಮ್ಮ ಪೆನ್ನು ಒಂದು ವರ್ಷ ಹಿಂದೆ ಮುಂದೆ ಹೋದದ್ದು ಮೂವತ್ತು ವರ್ಷದ ಮೇಲೆ ಯಾವುದೋ ನ್ಯಾಯಮಂಡಳಿಯಲ್ಲಿ ಲಕ್ಷಾಂತರ ರೂಪಾಯಿಯಾಗಿ ತೂಗುತ್ತದೆ. ಕೇಳಿ ಬರೆಯಿರಿ. ಅಪ್ಪನ ಹೆಸರು, ಅವ್ವನ ಹೆಸರು ಆಧಾರಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಆಗದಂತೆ ನೋಡಿ. ವಲಸೆ ಹೋಗುವ ಹುಡುಗನಿಗೆ ಒಂದು ಮಾತು ಹೇಳಿ ಕಳಿಸಿ: ಕೂಲಿ ಬ್ಯಾಂಕಿಗೆ ಹಾಕಿಸಿಕೋ, ಮೇಸ್ತ್ರಿಯ ಹೆಸರು, ಕಟ್ಟಡದ ಹೆಸರು, ಮಾಲೀಕನ ಹೆಸರು ಮನೆಗೆ ಬರೆದು ಕಳಿಸು.

ಸಂಘಟನೆಯ ಗೆಳೆಯರು ಪ್ರತಿ ಕೇರಿಯಲ್ಲಿ ಒಂದು ನೋಟ್‌ಬುಕ್ ಇಡಲಿ. ಯಾರು ಎಲ್ಲಿ ಯಾರ ಕೆಳಗೆ ಕೆಲಸಕ್ಕೆ ಹೋದರು ಎಂದು ದಿನಾ ಬರೆದಿಡಲಿ. ಹಾಜರಿ ಪುಸ್ತಕದಲ್ಲಿ ಅವರು ನಮ್ಮ ಹೆಸರು ಬರೆಯದಿದ್ದರೆ ನಾವೇ ಬರೆದುಕೊಳ್ಳೋಣ. ಅದು ಕೋರ್ಟಿನಲ್ಲಿ ಸಾಕ್ಷಿಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬರೆದಿಡುವವರಿದ್ದಾರೆ ಎಂದು ಗೊತ್ತಾದರೆ ಗುಂಡಿಗೆ ಇಳಿ ಅನ್ನುವ ಬಾಯಿ ಒಂದು ಸಲ ತಡೆಯುತ್ತದೆ. ನಮಗೆ ಬೇಕಾದ್ದು ಆ ತಡೆ. ಮೂವತ್ತು ಲಕ್ಷದ ಹೆಣಕ್ಕಿಂತ ಸಂಜೆ ಮನೆಗೆ ಬರುವ ಕೂಲಿಯಾಳು ನಮಗೆ ಬೇಕು.